ಎಡಕ್ಕೆ ಎಳೆಯುವ ಗಾಡಿ, ಎಡಗಡೆ ಕೂರುವ ನಾನು

ಯಾವ ಕೆಲಸ ಸಾಕಪ್ಪಾ ಅನ್ನಿಸಿರುತ್ತದೋ ಅದೇ ಬಂದು ಕೊರಳಿಗೆ ಗಂಟುಬೀಳುತ್ತದೆ. ನನಗೆ ಬಿದ್ದದ್ದು ಕರೆಂಟಿನ ಪಿಕಪ್ ಗಾಡಿ. ಬಾಗಲಕೋಟೆಯ ಒಂದು ಶೋರೂಮಿನಲ್ಲಿ ನನ್ನ ನೌಕರಿ. ಗಾಡಿ ಕೊಂಡವರ ಊರಿಗೇ ಹೋಗಿ ಓಡಿಸುವುದನ್ನು ಕಲಿಸಿ ಬರಬೇಕು. ನನಗೆ ಐವತ್ನಾಲ್ಕು ವರ್ಷ. ನನ್ನ ಸೊಂಟ ನನಗಿಂತ ಹತ್ತು ವರ್ಷ ದೊಡ್ಡದು.

ಈ ಗಾಡಿಯ ಗುಣ ಮೊದಲೇ ಹೇಳಿಬಿಡುತ್ತೇನೆ. ಡೀಸೆಲ್ ಗಾಡಿ ಗುರುಗುಟ್ಟಿ, ಕೆಮ್ಮಿ, ಆಮೇಲೆ ಮನಸ್ಸು ಮಾಡುತ್ತದೆ. ಇದಕ್ಕೆ ಆ ಸಾವಧಾನ ಇಲ್ಲ. ಎಕ್ಸಲೇಟರ್ ಒತ್ತಿದ ಕೂಡಲೇ ಇದ್ದ ಬಲವೆಲ್ಲ ಮುಂದಿನ ಎರಡು ಗಾಲಿಗೆ ಒಮ್ಮೆಲೇ ನುಗ್ಗುತ್ತದೆ. ಎರಡಕ್ಕೂ ಸರಿಸಮ ಸಿಗುವುದಿಲ್ಲ, ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ. ನಮ್ಮ ಗಾಡಿಯದು ಎಡಕ್ಕೆ. ಮದ್ದು ಸರಳ: ಗಾಲಿ ನೇರ ಮಾಡಿಕೊಳ್ಳಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು, ಕಾಲು ಮೆಲ್ಲಗೆ ಒತ್ತಬೇಕು. ಇಷ್ಟೇ ಮಾತು. ಆದರೆ ಕಲಿಯುವವರು ಬಲಗಡೆ ಕೂರುತ್ತಾರೆ, ನಾನು ಎಡಗಡೆ. ಹೀಗಾಗಿ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ರಸ್ತೆಬದಿಯ ಜಾಲಿಮುಳ್ಳಿನ ಕಂಟಿಗಳೆಲ್ಲ ನನಗೆ ಮುಖಪರಿಚಯ.

ಶೋರೂಮಿನ ಮಾಲಕರಿಗೆ ಹೇಳಿದರೆ ಅವರದು ಒಂದೇ ಉತ್ತರ: “ಗಾಡಿ ಎಳಿಯೂದಿಲ್ರಿ. ನೀವು ಕಲಸೂದು ಸರಿ ಇಲ್ಲ.” ಅವರು ಅದನ್ನು ಒಂದು ದಿನವೂ ಓಡಿಸಿದವರಲ್ಲ.

ಶೋರೂಮಿನ ಬಾಗಿಲ ಹತ್ತಿರ ಒಂದು ಮೇಜು, ತಿರುಗುವ ಕುರ್ಚಿ ಖಾಲಿ ಬಿದ್ದಿದ್ದವು. ಅಲ್ಲಿ ಕೂತು ಬಂದವರಿಗೆ ನಮಸ್ಕಾರ ಮಾಡುವ ಕೆಲಸ ಕೊಡಿರೆಂದು ಕೇಳಿದೆ. ‘ಗಾಡಿ ಓಡಿಸಲು ಕಲಿತೆ, ನನ್ನದೇನೂ ದೂರಿಲ್ಲ’ ಎಂಬ ಕಾಗದಕ್ಕೆ ಮೂರು ಗಿರಾಕಿಗಳ ಸಹಿ ತಂದರೆ ಕುರ್ಚಿ ನಿಮ್ಮದೇ ಅಂದರು. ನಾನು ಆ ಕುರ್ಚಿಯನ್ನು ಒಮ್ಮೆ ತಿರುಗಿಸಿ ನೋಡಿ ಹೊರಟೆ.

ತಂಬಾಕು

ಮೊದಲನೆಯವನು ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಡ್ರೈವರ್. ಇಪ್ಪತ್ತು ವರ್ಷ ಲಾರಿ ಹೊಡೆದವನು. ಸ್ಟೇರಿಂಗಿಗೆ ಒಂದೇ ಬೆರಳು ಸಾಕು ಅನ್ನುವ ಗತ್ತು. ಕಾರ್ಖಾನೆಯ ಗೇಟು ದಾಟುವುದರೊಳಗೆ ಗಾಡಿ ಎಡಕ್ಕೆ ಹೊರಳಿ ನನ್ನ ಕಡೆಯ ಕನ್ನಡಿಯನ್ನು ಕಲ್ಲಿನ ರಾಶಿಗೆ ಒಪ್ಪಿಸಿತು.

ಎರಡೂ ಕೈ ಹಿಡಿ ಅಂದೆ. ಹಿಡಿದ. ಅರ್ಧ ಫರ್ಲಾಂಗ್ ಹೋಗುವುದರಲ್ಲಿ ಎರಡೂ ಕೈ ಬಿಟ್ಟು ಮೊಣಕಾಲಿನಿಂದ ಸ್ಟೇರಿಂಗ್ ಒತ್ತಿಕೊಂಡ. ಏನು ಮಾಡುತ್ತಿದ್ದೀ ಎಂದರೆ ಅಂಗೈ ತೋರಿಸಿದ. ತಂಬಾಕು, ಸುಣ್ಣ.

“ಎರಡೂ ಕೈ ಗಾಡಿಗೆ ಕೊಟ್ರ, ಇದನ್ನ ಯಾರು ತಿಕ್ಕಬೇಕ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಆವತ್ತು ಸಂಜೆಯವರೆಗೆ ಅವನು ಎರಡೂ ಕೈಯಲ್ಲಿ ಗಾಡಿ ಓಡಿಸಿದ, ನಾನು ಪಕ್ಕದಲ್ಲಿ ಕೂತು ತಂಬಾಕು ತಿಕ್ಕಿದೆ. ಸಹಿ ಹಾಕುವಾಗ ಹೇಳಿದ, ಗಾಡಿ ಕಲಿಸುವುದರಲ್ಲಿ ನಾನು ಅಷ್ಟಕ್ಕಷ್ಟೇ ಅಂತೆ, ಆದರೆ ಸುಣ್ಣದ ಅಳತೆ ಮಾತ್ರ ಭಾಳ ಬರೋಬ್ಬರಿ.

ಮುಂಜಾಗ್ರತೆ

ಎರಡನೆಯವರು ಹುನಗುಂದದ ಕಿರಾಣಿ ಅಂಗಡಿಯವರು. ಭಾಳ ಹುಷಾರಿ ಮನುಷ್ಯ. ಎಡಕ್ಕೆ ಎಳೆಯುತ್ತದೆ ಎಂದು ನಾನು ಹೇಳಿ ಮುಗಿಸುವ ಮೊದಲೇ ತಲೆಯಾಡಿಸಿದರು. ಕೂತವರೇ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಇಟ್ಟುಕೊಂಡು, ಆಮೇಲೆ ಒತ್ತಿದರು. ಗಾಡಿ ಬಲಕ್ಕೆ ಹೋಗಿ ಅವರದೇ ಅಂಗಡಿಯ ಕಟ್ಟೆಗೆ ತಾಗಿ ನಿಂತಿತು.

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಸಂತೋಷವಿತ್ತು, ಮುಚ್ಚಿಡಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಪೆಟ್ಟು ಬಲಗಡೆಗೆ ಬಿದ್ದಿತ್ತು.

ಎಡಗಡೆಯ ಎತ್ತು

ಅಂಗಡಿಯವರು ಎರಡು ದಿನಕ್ಕೆ ಕಲಿತರು, ಸಹಿಯೂ ಬಂತು. ಮೂರನೆಯವರು ಕಮತಗಿಯ ಒಬ್ಬ ಹಿರಿಯರು. ಈರುಳ್ಳಿ ಸಾಗಿಸಲು ಗಾಡಿ ಕೊಂಡಿದ್ದರು. ಅದಕ್ಕೂ ಮೊದಲು ಆಯುಷ್ಯವೆಲ್ಲ ಎತ್ತಿನ ಗಾಡಿ. ನಾಲ್ಕು ದಿನ ನಾನು ಕಾಲು ಮೆಲ್ಲಗೆ, ಕಾಲು ಮೆಲ್ಲಗೆ ಎಂದು ಜಪ ಮಾಡಿದೆ. ನಾಲ್ಕು ದಿನವೂ ಗಾಡಿ ಜಾಲಿಕಂಟಿಗೇ ಹೋಯಿತು. ಐದನೆಯ ದಿನ ಹೋದರೆ ಗಾಡಿ ಪಂಕ್ಚರ್ ಅಂಗಡಿಯ ಮುಂದೆ ನಿಂತಿದೆ. ಎಡಗಾಲಿ ಬಿಚ್ಚಿ ಬಲಕ್ಕೆ, ಬಲಗಾಲಿ ಬಿಚ್ಚಿ ಎಡಕ್ಕೆ ಹಾಕಿಸುತ್ತಿದ್ದಾರೆ.

“ಎಡಗಡಿ ಎತ್ತು ಮೈಗಳ್ಳ ಇದ್ರ ಬಲಕ್ಕ ಹೂಡಬೇಕ್ರಿ. ಇಷ್ಟ ತಿಳಿಯೂದಿಲ್ಲ ನಿಮಗ?”

ಗಾಲಿ ಬದಲಾಯಿತು. ಗಾಡಿ ಮತ್ತೆ ಎಡಕ್ಕೇ ಹೋಯಿತು. ಹಿರಿಯರು ಇಳಿದು, ಗಾಡಿಯ ಮುಂದೆ ನಿಂತು, ಬಹಳ ಹೊತ್ತು ಅದರ ಮೋರೆ ನೋಡಿದರು. ಆಮೇಲೆ ತಮಗೇ ಹೇಳಿಕೊಂಡಂತೆ ಅಂದರು: “ತಪ್ಪು ನಂದ. ಹೊಸಾ ಜೋಡಿಗೆ ಮೊದಲ ಹೆಜ್ಜಿಗೇ ಬಾರಕೋಲ ತೋರಿಸಿದ್ರ ಕಂಟ್ಯಾಗ ಒಯ್ತಾವು.”

ಮತ್ತೆ ಹತ್ತಿದರು. ಕಾಲು ಹೂವಿನಂತೆ ಇಟ್ಟರು, ಸ್ಟೇರಿಂಗನ್ನು ಹಗ್ಗ ಹಿಡಿದಂತೆ ಸಡಿಲಾಗಿ, ಆದರೆ ಬಿಡದೆ ಹಿಡಿದರು. ಗಾಡಿ ದಾರದಂತೆ ನೇರ ಹೋಯಿತು. ಇಪ್ಪತ್ತೈದು ವರ್ಷದ ಡ್ರೈವರಿಕೆಯಲ್ಲಿ ನಾನೂ ಅಷ್ಟು ಚಂದ ಓಡಿಸಿಲ್ಲ. ಸಹಿ ಹಾಕಿ ಪೆನ್ನು ವಾಪಸು ಕೊಡುತ್ತ, “ಕಾಲು ಮೆಲ್ಲಕ ಇಡಬೇಕಂತ ನೀವು ಮೊದಲ ದಿನಾನ ಹೇಳಿದ್ರ ಇಷ್ಟ ತ್ರಾಸ ಇರತಿದ್ದಿಲ್ಲ ನೋಡ್ರಿ” ಅಂದರು.

ನಾನು ಹೌದ್ರಿ ಅಂದೆ. ವಾದ ಮಾಡುವ ಶಕ್ತಿ ಯಾರಲ್ಲಿತ್ತು?

ಕುರ್ಚಿ

ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತೆ. ಸೊಂಟ ಹರಸಿತು. ಇಬ್ಬರಿಗೆ ನಮಸ್ಕಾರ ಮಾಡಿದೆ, ಒಮ್ಮೆ ಸುಮ್ಮನೆ ತಿರುಗಿದೆ.

ಹತ್ತು ಗಂಟೆಗೆ ಬಾದಾಮಿಯ ಗಿರಾಕಿ ಮನೆಮಂದಿಯೊಂದಿಗೆ ಗಾಡಿ ಒಯ್ಯಲು ಬಂದರು. ಗಾಡಿ ಹೊರಗೆ ಶೋರೂಮಿನ ಗಾಜಿನ ಗೋಡೆಯ ಗುಂಟ ನಿಂತಿತ್ತು, ಗೋಡೆ ಅದರ ಎಡಕ್ಕೆ. ಪೂಜೆಯಾಯಿತು, ತೆಂಗಿನಕಾಯಿ ಒಡೆಯಿತು, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಲಿಂಬೆಹಣ್ಣು ಒಡೆಯುವ ಮಾನ ತಮಗೇ ಬೇಕೆಂದು ಮಾಲಕರು ಹತ್ತಿದರು. ಫೋಟೊ ತೆಗೆಯುವವರ ಕಡೆ ಒಂದು ಕೈ ಎತ್ತಿದರು.

ನಾನು ಎದ್ದು ಬಾಗಿಲಿಗೆ ಬಂದು, ಕಾಲು ಮೆಲ್ಲಗೆ ಇಡಿರಿ ಅಂದೆ. ನನಗೇ ಕಲಿಸುತ್ತೀರಾ ಎನ್ನುವ ಹಾಗೆ ನೋಡಿದರು. ಒತ್ತಿದರು.

ಲಿಂಬೆಹಣ್ಣು ನಾಲ್ಕೂ ಒಡೆದವು. ಗಾಡಿ ಎಡಕ್ಕೆ ಹೊರಳಿ, ಗಾಜು ಒಡೆದು ಒಳಗೆ ಬಂದು, ನನ್ನ ಮೇಜು ನೂಕಿ, ಕುರ್ಚಿಯ ಮೇಲೆ ಹತ್ತಿ ನಿಂತಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಗಿರಾಕಿಯ ಮನೆಯವರು ಬಾಯಲ್ಲಿದ್ದ ಪೇಡೆ ನುಂಗುವುದನ್ನು ಮರೆತರು. ಮಾಲಕರು ಈಗ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡಿದ್ದರು, ಬಹಳ ಸರಿಯಾಗಿ.

ಕಿಟಕಿಯಿಂದ ನನ್ನ ಕಡೆ ತಿರುಗಿದರು. “ಏನ್ರಿ ಇದು. ಗಾಡಿ ಎಡಕ್ಕ ಎಳೀತೈತಲ್ಲ.”

ನಾನು ಕುರ್ಚಿಯ ಕಡೆ ನೋಡಿದೆ. ಅದರ ಒಂದು ಪುಟ್ಟ ಗಾಲಿ ಮಾತ್ರ ಇನ್ನೂ ತಿರುಗುತ್ತಿತ್ತು. ಖರೆ ಹೇಳುತ್ತೇನೆ, ಅಳು ಬಂತು.

“ಇಲ್ರಿ ಸಾವ್ಕಾರ್ರ” ಅಂದೆ. “ನಾ ಕಲಸೂದು ಸರಿ ಇಲ್ಲ.”

ಈಗ ದಿನಾ ಬೆಳಿಗ್ಗೆ ಊರ ಹೊರಗಿನ ಬಯಲಲ್ಲಿ ಮಾಲಕರು ಬಲಗಡೆ, ನಾನು ಎಡಗಡೆ. ಅವರು ಸಹಿ ಹಾಕಿದ ದಿನ ಹೊಸ ಕುರ್ಚಿ ಬರುತ್ತದಂತೆ. ದಿನಾ ಕಾಗದ ಮುಂದಿಡುತ್ತೇನೆ. ಜಾಲಿಮುಳ್ಳು ಕಿತ್ತುಕೊಳ್ಳುತ್ತ ಅವರು ದಿನಾ ಅದನ್ನೇ ಹೇಳುತ್ತಾರೆ: “ನನಗ ಇನ್ನಾ ಓಡಸಾಕ ಬಂದಿಲ್ರಿ. ನಾಳಿಗೆ ನೋಡೂಣು.”