ಗೂಟ ಸರಿ, ಡ್ರೋನ್ ತಪ್ಪು

ಸರ್ವೇಯರ್: ನಾನು ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಕಣೆ.

ಹೆಂಡತಿ: ಮುಟ್ಟದೆ ಸಿಗ್ನಲ್ಲು ಹೇಗ್ರೀ ಕಡಿದುಹೋಗುತ್ತೆ? ಐದು ನಿಮಿಷದ ಹಿಂದೆ ಡ್ರೋನೂ ಬೇಸೂ ಚೆನ್ನಾಗಿ ಮಾತಾಡ್ಕೊಂಡಿದ್ವು.

ಸರ್ವೇಯರ್: ಮಾತಾಡ್ಕೊಂಡಿದ್ವು, ಈಗ ಮಾತು ಬಿಟ್ಟಿವೆ. ನಮ್ಮನೇಲಿ ಇದೇನು ಹೊಸದಾ?

ಶಾಲೆಯ ಆಟದ ಮೈದಾನಕ್ಕೂ ಸರ್ವೇಯರ್ ಸಾಹೇಬರ ಮನೆಗೂ ನಡುವೆ ನಾಲ್ಕು ಗೂಟಗಳಿದ್ದವು. ಹೋದ ವಾರ ಸಾಹೇಬರೇ ನಿಂತು, ಅಳೆದು, ನೆಟ್ಟ ಗೂಟಗಳು. ಅವುಗಳ ಗುಂಟ ನಾಳೆ ಬೆಳಿಗ್ಗೆ ಶಾಲೆಯ ಕಾಂಪೌಂಡು ಏಳಬೇಕು. ಆದರೆ ತನ್ನ ಮನೆಯ ಗಡಿಯನ್ನು ತಾನೇ ಅಳೆಯುವ ಸರ್ವೇಯರ್ ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಹೆಡ್‌ಮಿಸ್ಸಿಗೆ ಬಂದಿತ್ತು. ಗೂಟ ಮೈದಾನವನ್ನು ನುಂಗಿದೆ ಎಂದು ತಕರಾರು ತೆಗೆದರು, ಡ್ರೋನ್ ಸರ್ವೆ ಆಗಲೇಬೇಕು ಎಂದರು. ಆ ಸುತ್ತಮುತ್ತ ಡ್ರೋನ್ ಹಾರಿಸುವ ಲೈಸೆನ್ಸು ಇದ್ದದ್ದು ಒಬ್ಬರಿಗೇ, ಸಾಹೇಬರ ಹೆಂಡತಿಗೆ. ಗಂಡನ ತಪ್ಪನ್ನು ಹೆಂಡತಿ ಮುಚ್ಚಿಡುವುದಿಲ್ಲ ಎಂಬ ನಂಬಿಕೆ ಹೆಡ್‌ಮಿಸ್ಸಿಗಿತ್ತು. ಅವರಿಗೂ ಮದುವೆಯಾಗಿತ್ತು.

ಬೇಡ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆಂದು ಸಾಹೇಬರು ಒಪ್ಪಿದ್ದರು. ಮೂವತ್ತು ವರ್ಷದಲ್ಲಿ ಅವರು ನೆಟ್ಟ ಒಂದು ಗೂಟವನ್ನೂ ಯಾರೂ ಕಿತ್ತು ನೆಟ್ಟಿರಲಿಲ್ಲ. ಆ ಹೆಸರು ಇವತ್ತು ಹೆಂಡತಿಯ ಕೈಯಿಂದಲೇ ಹೋದರೆ ಬೀದಿಯಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ. ಮನೆಯೊಳಗಂತೂ ಮೊದಲೇ ಇಲ್ಲ.

ಹೆಡ್‌ಮಿಸ್ಸು: ಅಲ್ಲ ಮೇಡಂ, ಹಾರೋದು ಆ ಡ್ರೋನು. ಇಲ್ಲಿ ಮೂರು ಕಾಲಿನ ಮೇಲೆ ನಿಂತಿರೋ ಈ ಡಬ್ಬ ಯಾಕೆ?

ಹೆಂಡತಿ: ಇದೇ ಬೇಸು ಮಿಸ್. ಡ್ರೋನಿಗೆ ತಾನೆಲ್ಲಿದೀನಿ ಅನ್ನೋದು ಸರಿಯಾಗಿ ಗೊತ್ತಿರಲ್ಲ. ಎರಡು ಮೂರು ಮೀಟರ್ ಆಚೆ ಈಚೆ ಹೇಳುತ್ತೆ.

ಹೆಡ್‌ಮಿಸ್ಸು: ನಮ್ಮ ಎಂಟನೇ ಕ್ಲಾಸಿನ ಥರ.

ಹೆಂಡತಿ: ಬೇಸು ಈ ಗುರುತಿನ ಕಲ್ಲಿನ ಮೇಲೆ ಕದಲದೆ ಕೂತಿರುತ್ತೆ. ಕಲ್ಲು ಎಲ್ಲಿದೆ ಅನ್ನೋದಕ್ಕೆ ಪಕ್ಕಾ ಲೆಕ್ಕ ಇದೆ. ಅಲ್ಲಿಂದಲೇ ಡ್ರೋನಿಗೆ, ನೀನು ಹೇಳ್ತಿರೋದು ತಪ್ಪು, ಇಷ್ಟು ತಿದ್ಕೋ ಅಂತ ಹೇಳ್ತಾನೇ ಇರುತ್ತೆ.

ಹೆಡ್‌ಮಿಸ್ಸು: ಕೂತಲ್ಲಿಂದ ಏಳದೆ ಬೇರೆಯವರನ್ನ ತಿದ್ದೋದಾ? ನಿಮ್ಮನೇಲಿ ಆಗಲೇ ಒಂದಿದೆಯಲ್ಲ, ಇನ್ನೊಂದು ಯಾಕೆ ತಗೊಂಡ್ರಿ?

ಸರ್ವೇಯರ್: ಮಿಸ್ಸೇ, ನನಗೆ ಕೇಳಿಸ್ತಿದೆ.

ಹೆಂಡತಿ: ಇದು ಎಷ್ಟು ತಪ್ಪು ಅಂತಾನೂ ಹೇಳುತ್ತೆ ಮಿಸ್. ನಮ್ಮನೇದು ಬರೀ ತಪ್ಪು ಅಂತ ಹೇಳಿ ಪೇಪರ್ ಓದೋಕೆ ಕೂರುತ್ತೆ.

ಹೆಂಡತಿ ಕೈಯಲ್ಲಿದ್ದ ರಿಮೋಟಿನ ಪರದೆಯನ್ನು ಬಿಸಿಲಿಗೆ ಮರೆಮಾಡಿ ನೋಡಿದಳು. ಮುಖ ಗಂಟಾಯಿತು.

ಹೆಂಡತಿ: ಮತ್ತೆ ಫ್ಲೋಟ್ ತೋರಿಸ್ತಿದೆ. ಇನ್ನೂ ಫಿಕ್ಸ್ ಆಗಿಲ್ಲ.

ಹೆಡ್‌ಮಿಸ್ಸು: ಏನು ಫಿಕ್ಸ್ ಆಗಿಲ್ಲ?

ಸರ್ವೇಯರ್: ಅದು ಫಿಕ್ಸ್ ಆಗದೆ ಮುಂದಿನ ಕೆಲಸ ಆಗಲ್ಲ ಮಿಸ್ಸೇ. ಬೆಳಗ್ಗೆಯಿಂದ ನಾವಿಬ್ಬರೂ ಅದೇ ಪ್ರಯತ್ನದಲ್ಲಿದೀವಿ.

ಹೆಡ್‌ಮಿಸ್ಸು: ಗಂಡ ಹೆಂಡತಿ ಸೇರಿ ಫಿಕ್ಸ್ ಮಾಡ್ತಿದೀರ. ಅದನ್ನ ನನ್ನ ಎದುರಿಗೇ ಹೇಳ್ತಿದೀರ.

ಹೆಂಡತಿ: ನಿಮ್ಮ ಎದುರಿಗೇ ಆಗಬೇಕು ಮಿಸ್. ಇಲ್ಲಾಂದ್ರೆ ಆಮೇಲೆ ನೀವು ಒಪ್ಪಲ್ಲ.

ಹೆಡ್‌ಮಿಸ್ಸು: ಒಪ್ಪೋದಾ? ಬೇಲಿನೇ ಎದ್ದು ಹೊಲ ಮೇಯೋದು ಅಂತ ಇಷ್ಟು ವರ್ಷ ಪಾಠ ಮಾಡಿದೀನಿ. ಬೇಲಿ ಹಾಕೋ ಮುಂಚೆನೇ ಮೇಯೋದನ್ನ ಇವತ್ತೇ ನೋಡಿದ್ದು.

ಸರ್ವೇಯರ್: ಇದು ಆ ಫಿಕ್ಸ್ ಅಲ್ಲ ಮಿಸ್ಸೇ.

ಹೆಂಡತಿ: ಡ್ರೋನು ನಿಂತ ಜಾಗ ಖಚಿತ ಆದ್ರೆ ಅದಕ್ಕೆ ಫಿಕ್ಸ್ ಅಂತಾರೆ. ಎರಡು ಬೆರಳಗಲಕ್ಕಿಂತ ಹೆಚ್ಚು ತಪ್ಪಿರಲ್ಲ. ಫ್ಲೋಟ್ ಅಂದ್ರೆ ಇನ್ನೂ ತೇಲಾಡ್ತಿದೆ ಅಂತ.

ಹೆಡ್‌ಮಿಸ್ಸು: ಮೊದಲೇ ಹೇಳಬಾರದಾ ಮೇಡಂ. ಮೇಲಿನವರಿಗೆ ಅರ್ಜಿ ಬರೆಯೋಕೆ ಮನಸ್ಸಲ್ಲೇ ಶುರು ಮಾಡಿದ್ದೆ. ಮೂರನೇ ಸಾಲಿಗೆ ಬಂದಿದ್ದೆ.

ತೇಲಾಟಕ್ಕೆ ಕಾರಣ ಹುಡುಕುತ್ತ ಹೆಂಡತಿ ಬೇಸಿನ ಕಡೆ ತಿರುಗಿದಳು. ಸಾಹೇಬರು ಬೆಳ್ಳಿ ಲೇಪದ ದೊಡ್ಡ ಕೊಡೆಯನ್ನು ಬಿಚ್ಚಿ ಬೇಸಿನ ನೆತ್ತಿಯ ಮೇಲೆ ಹಿಡಿದು, ತಾವೂ ಅದರೊಳಗೆ ಬಗ್ಗಿ ನಿಂತಿದ್ದರು. ಮಗುವಿಗೆ ಬಿಸಿಲು ತಾಗದಂತೆ ಕಾಯುವ ಅಜ್ಜನ ಮುಖಭಾವವಿತ್ತು.

ಹೆಂಡತಿ: ಏನ್ರೀ ಅದು?

ಸರ್ವೇಯರ್: ಕೊಡೆ.

ಹೆಂಡತಿ: ಕೊಡೆ ಅಂತ ಕಾಣುತ್ತೆ. ಯಾಕೆ ಹಿಡಿದಿದೀರ?

ಸರ್ವೇಯರ್: ಬಿಸಿಲು ಕಣೆ. ಅಳತೆ ಸಾಮಾನಿಗೆ ಬಿಸಿಲು ತಾಗಿದ್ರೆ ಅಳತೆ ಕೆಡುತ್ತೆ. ನಮ್ಮ ಕಾಲದಲ್ಲಿ ಕೊಡೆ ಹಿಡಿಯೋಕೇ ಒಬ್ಬ ಆಳು ಇರ್ತಿದ್ದ.

ಹೆಂಡತಿ: ನಿಮ್ಮ ಸಾಮಾನು ನೆಲ ನೋಡ್ತಿತ್ತು. ಇದು ಆಕಾಶ ನೋಡುತ್ತೆ. ಉಪಗ್ರಹ ಕಾಣದ ಹಾಗೆ ತಗಡಿನಂಥ ಕೊಡೆ ಅಡ್ಡ ಹಿಡಿದು, ಸಾಲದು ಅಂತ ನಿಮ್ಮ ತಲೆನೂ ತೂರಿಸಿದೀರ.

ಸರ್ವೇಯರ್: ನನ್ನ ತಲೆ ಏನು ಮಾಡ್ತು?

ಹೆಂಡತಿ: ಏನೂ ಮಾಡ್ಲಿಲ್ಲ. ಅದೇ ತೊಂದರೆ.

ಹೆಡ್‌ಮಿಸ್ಸು: ಬೇಕಂತಲೇ ಅಡ್ಡ ಹಿಡಿದಿರಬಹುದು ಮೇಡಂ. ಗೂಟದ ಬಂಡವಾಳ ಬಯಲಾಗುತ್ತೆ ಅಂತ.

ಸಾಹೇಬರು ಕೊಡೆಯನ್ನು ಪಟಕ್ಕನೆ ಮಡಿಚಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಹಸಿರು ಬಣ್ಣ ಬಂತು. ಫಿಕ್ಸ್ ಆಯ್ತು ಎಂದಳು ಹೆಂಡತಿ. ಡ್ರೋನು ಜೇನುಹುಳದ ಸದ್ದು ಮಾಡುತ್ತ ಮೇಲೆದ್ದು, ಮೈದಾನದ ಉದ್ದಕ್ಕೂ ಉಳುಮೆಯ ಸಾಲಿನಂತೆ ಹೋಗಿ ಬಂದು ಮಾಡತೊಡಗಿತು.  ಸುಮ್ಮನಿದ್ದರೆ ಹೆಡ್‌ಮಿಸ್ಸಿಗೆ ಅನುಮಾನ ಹೆಚ್ಚೀತೆಂದು ಸಾಹೇಬರು ಮಾತು ತೆಗೆದರು.

ಸರ್ವೇಯರ್: ಬ್ಯಾಟರಿ ಸಾಕಾಗುತ್ತಾ?

ಹೆಂಡತಿ: ಅರ್ಧ ಮಾತ್ರ ಚಾರ್ಜ್ ಆಗಿದೆ. ಶರ್ಟು ಇಸ್ತ್ರಿ ಮಾಡೋಕೆ ಅಂತ ನೀವೇ ಪ್ಲಗ್ಗು ಕಿತ್ರಿ.

ಸರ್ವೇಯರ್: ಅಡುಗೆಮನೇಲಿ ಬ್ಯಾಟರಿ ಇಡ್ತಾರೇನೆ ಯಾರಾದ್ರೂ?

ಹೆಂಡತಿ: ಇನ್ನೆಲ್ಲಿ ಇಡ್ಲಿ? ಐದು ವರ್ಷದಿಂದ ಒಂದು ಸಣ್ಣ ರೂಮು ಕೇಳ್ತಿದೀನಿ. ನಿಮ್ಮ ನಕ್ಷೆಗಳು ರೂಮಲ್ಲಿ ಬೀಗ ಹಾಕ್ಕೊಂಡು ಮಲಗಿವೆ. ದುಡಿಯೋ ಡ್ರೋನು ಸಕ್ಕರೆ ಡಬ್ಬಿ ಪಕ್ಕ ಕೂತಿದೆ.

ಸರ್ವೇಯರ್: ಜಾಗ ಇದ್ರೆ ಕಟ್ಟಿಸ್ತಿರಲಿಲ್ವಾ? ನಮ್ಮ ಸೈಟಿನ ಅಗಲ ಹದಿನಾರೇ ಮೀಟರು. ನಾನೇ ಅಳೆದಿದೀನಿ.

ಡ್ರೋನು ಇಳಿಯಿತು. ಮೆಟ್ಟಿಲ ಮೇಲೆ ಕೂತು ಹೆಂಡತಿ ಡ್ರೋನಿನ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಸರ್ಕಾರಿ ನಕ್ಷೆಯ ಮೇಲೆ ಹೊಂದಿಸಿದಳು. ಒಂದೇ ಕಡೆ ಮೂರು ಸಲ ಅಳೆದಳು. ಆಕೆ ಮತ್ತೆ ಮತ್ತೆ ಅಳೆದರೆ ಸಾಹೇಬರಿಗೆ ಯಾವತ್ತೂ ಭಯವೇ.

ಹೆಡ್‌ಮಿಸ್ಸು: ಎಷ್ಟು ನುಂಗಿದಾರೆ, ಮುಚ್ಚುಮರೆ ಇಲ್ಲದೆ ಹೇಳಿ.

ಹೆಂಡತಿ: ಗೂಟ ಮೂರು ಮೀಟರ್ ತಪ್ಪಿದೆ.

ಸರ್ವೇಯರ್: ಸಾಧ್ಯವೇ ಇಲ್ಲ. ಪುಸ್ತಕ ಇದೆ ನನ್ನ ಹತ್ತಿರ.

ಜೇಬಿನಿಂದ ಅಳತೆ ಪುಸ್ತಕ ಹೊರಬಂತು. ಅದರಲ್ಲಿ ಎಲ್ಲವೂ ಕನ್ನಡ ಅಂಕಿ, ಆರೂ ಒಂಬತ್ತೂ ನೋಡಲು ಅವಳಿಜವಳಿ. ಸಾಹೇಬರು ಅದನ್ನು ಅಭಿಮಾನ ಎನ್ನುತ್ತಿದ್ದರು, ಜೊತೆಯವರು ಉಪದ್ರವ ಎನ್ನುತ್ತಿದ್ದರು.

ಸರ್ವೇಯರ್: ನೋಡು, ಕ್ರಯಪತ್ರ ನೋಡಿ ನಾನೇ ಬರ್ಕೊಂಡಿದ್ದು. ಹದಿನಾರು.

ಹೆಂಡತಿ: ಇದು ಒಂಬತ್ತಲ್ವೇನ್ರೀ? ಹತ್ತೊಂಬತ್ತು.

ಸರ್ವೇಯರ್: ಆರು ಕಣೆ. ನನ್ನ ಅಕ್ಷರ ನನಗೆ ಗೊತ್ತಾಗಲ್ವಾ?

ಹೆಡ್‌ಮಿಸ್ಸು: ಕೊಡಿ ಇಲ್ಲಿ. ಸಾವಿರಾರು ಮಕ್ಕಳ ಅಂಕಿ ತಿದ್ದಿದ ಕೈ ಇದು. ಒಂಬತ್ತು. ಶುದ್ಧ ಒಂಬತ್ತು. ಒಂದನೇ ಕ್ಲಾಸಿನ ಮಗೂನ ಕೇಳಿದ್ರೂ ಹೇಳುತ್ತೆ. ಗೂಟ ಕೀಳಿ ಸಾರ್.

ಹೆಂಡತಿ: ಪತ್ರದಲ್ಲೂ ನಕ್ಷೆಯಲ್ಲೂ ಹತ್ತೊಂಬತ್ತೇ ಇದೆ ಮಿಸ್.

ಹೆಡ್‌ಮಿಸ್ಸು: ಮತ್ತಿನ್ನೇನು. ಮೂರು ಮೀಟರ್ ಹಿಂದಕ್ಕೆ ನೆಡಿ.

ಹೆಂಡತಿ: ಹಿಂದಕ್ಕಲ್ಲ, ಮುಂದಕ್ಕೆ.

ಹೆಡ್‌ಮಿಸ್ಸು: ಯಾವ ಮುಂದಕ್ಕೆ?

ಹೆಂಡತಿ: ಮೈದಾನದ ಕಡೆಗೆ. ನಮ್ಮ ಸೈಟು ಹತ್ತೊಂಬತ್ತು ಮೀಟರು. ಇವರು ಹದಿನಾರಕ್ಕೇ ಗೂಟ ಹೊಡೆದು, ನಮ್ಮ ಮೂರು ಮೀಟರ್ ನಿಮಗೆ ಬಿಟ್ಟುಕೊಟ್ಟಿದಾರೆ.

ಹೆಡ್‌ಮಿಸ್ಸು ನಿಧಾನವಾಗಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದರು.

ಹೆಡ್‌ಮಿಸ್ಸು: ಇದು ಆರು.

ಹೆಂಡತಿ: ಈಗ ತಾನೇ ಶುದ್ಧ ಒಂಬತ್ತು ಅಂದ್ರಿ.

ಹೆಡ್‌ಮಿಸ್ಸು: ದೂರದಿಂದ ಒಂಬತ್ತು. ಹತ್ತಿರದಿಂದ ಆರು. ಸಾರ್ ಬರೆದಿದಾರೆ, ಸಾರ್‌ಗೆ ಗೊತ್ತಿರಲ್ವಾ? ಮೂವತ್ತು ವರ್ಷದ ಅನುಭವ ಮೇಡಂ. ನಿಮ್ಮ ಡ್ರೋನಿಗೆ ಎಷ್ಟು ವರ್ಷ?

ಹೆಂಡತಿ: ರೀ, ಅದು ನಮ್ಮ ಜಾಗ. ನನ್ನ ರೂಮು. ತಪ್ಪಾಗಿದೆ ಅಂತ ಒಂದು ಸಾಲು ಬರೆದು ಸಹಿ ಹಾಕಿ, ಸಾಕು.

ಸರ್ವೇಯರ್: ತಪ್ಪಾಗಿದೆ ಅಂತ ನಾನು ಬರೀಬೇಕಾ?

ಹೆಂಡತಿ: ಇನ್ಯಾರು ಬರೀತಾರೆ, ಬೇಸಾ?

ಹೆಡ್‌ಮಿಸ್ಸು: ಬೇಡ ಸಾರ್. ಒಂದು ಸಲ ಹಾಗೆ ಬರೆದ್ರೆ, ನೀವು ನೆಟ್ಟ ಗೂಟಾನೆಲ್ಲ ಜನ ಮತ್ತೆ ಅಳೆಸ್ತಾರೆ. ಗೂಟ ಸರಿ ಇದೆ ಅಂತ ಬರೀರಿ. ಕಾಂಪೌಂಡು ಗೋಡೆ ಮೇಲೆ ನಿಮ್ಮ ಹೆಸರು ಕೆತ್ತಿಸ್ತೀನಿ.

ಸರ್ವೇಯರ್: ಎಷ್ಟು ದೊಡ್ಡ ಅಕ್ಷರ?

ಹೆಡ್‌ಮಿಸ್ಸು: ಗೇಣುದ್ದ.

ಅದು ಒಂಬತ್ತು ಎಂಬುದು ಸಾಹೇಬರಿಗೆ ಪುಸ್ತಕ ಬಿಚ್ಚಿದಾಗಲೇ ಗೊತ್ತಾಗಿತ್ತು. ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು. ಆದರೆ ತಪ್ಪಾಗಿದೆ ಎಂಬ ಪದ ಅವರ ಪೆನ್ನಿನಿಂದ ಒಮ್ಮೆಯೂ ಇಳಿದಿರಲಿಲ್ಲ, ಈಗಲೂ ಇಳಿಯಲಿಲ್ಲ. ಹೆಡ್‌ಮಿಸ್ಸು ಹಾಜರಿ ಪುಸ್ತಕದಿಂದ ಹರಿದುಕೊಟ್ಟ ಹಾಳೆಯ ಮೇಲೆ, ಗೂಟ ಸರಿ, ಡ್ರೋನ್ ತಪ್ಪು ಎಂದು ಬರೆದು ಸಹಿ ಹಾಕಿದರು. ಶಾಯಿ ಆರುವ ಮೊದಲೇ ಹಾಳೆ ಹೆಡ್‌ಮಿಸ್ಸಿನ ಕೈಚೀಲ ಸೇರಿತು.

ಹೆಂಡತಿ ಜಗಳ ಮಾಡಲಿಲ್ಲ. ಬೇಸಿನ ಮೂರು ಕಾಲು ಮಡಿಚಿ, ಡ್ರೋನನ್ನು ಪೆಟ್ಟಿಗೆಗೆ ಹಾಕಿ, ಗಂಡನ ಮುಂದೆ ಬಂದು ಕೈ ಚಾಚಿದಳು.

ಹೆಂಡತಿ: ನಕ್ಷೆ ರೂಮಿನ ಬೀಗದ ಕೈ ಕೊಡಿ.

ಸರ್ವೇಯರ್: ಯಾಕೆ?

ಹೆಂಡತಿ: ಇವತ್ತಿಂದ ಅದು ನನ್ನ ರೂಮು.

ಸರ್ವೇಯರ್: ಮತ್ತೆ ನನ್ನ ಮೂವತ್ತು ವರ್ಷದ ನಕ್ಷೆ ಎಲ್ಲಿಡ್ಲಿ?

ಹೆಂಡತಿ: ಮೂರು ಮೀಟರ್ ದಾನ ಮಾಡಿದೀರಲ್ಲ, ಅಲ್ಲಿಡಿ.

ಹೆಡ್‌ಮಿಸ್ಸು: ಅದು ಮಕ್ಕಳು ಆಡೋ ಜಾಗ ಸಾರ್. ಒಂದು ಗೇಣೂ ಬಿಡೋಕಾಗಲ್ಲ.

ಸರ್ವೇಯರ್: ಹಾಗಾದ್ರೆ ನನಗೆ?

ಹೆಂಡತಿ: ನನ್ನ ಬ್ಯಾಟರಿಗೆ ರೂಮು ಬೇಕು ಕಣ್ರೀ. ನಿಮಗಿರೋದು ಹೆಸರು, ಅದಕ್ಕೆ ಗೋಡೆ ಸಾಕು.