ಗೋಡೆ ಹತ್ತಿದ ಎಡಗೈ

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಏಳನೇ ಕ್ಲಾಸಿನ ನಡುವೆ. ಯಾರೂ ಬೇಡವೆನ್ನಲಿಲ್ಲ, ನಾನೂ ಅಳಲಿಲ್ಲ. ಊರಿಗಾಂ ಸ್ಟೇಷನ್ನಿನ ಹತ್ತಿರ ಅಪ್ಪನ ಟೀ ಅಂಗಡಿಯಿತ್ತು. ಬಂಗಾರಪೇಟೆಗೆ ಹೋಗುವ ಬೆಳಗಿನ ರೈಲಿಗೆ ಮುಂಚೆ ಒಲೆ ಹಚ್ಚಲು ಒಂದು ಆಳು ಬೇಕಿತ್ತು. ಶಾಲೆ ನನಗೆ ಕೊಟ್ಟು ಕಳಿಸಿದ್ದು ಒಂದನ್ನೇ, ಬಲಗೈಯಲ್ಲಿ ಬರೆಯುವುದು. ಹುಟ್ಟಿನಿಂದ ನಾನು ಎಡಚ. ಮೇಷ್ಟ್ರು ಎಡಗೈ ಗೆಣ್ಣಿಗೆ ಬಡಿದು ಬಡಿದು ಬಳಪವನ್ನು ಬಲಗೈಗೆ ದಾಟಿಸಿದರು. ಎಡಗೈ ಆ ಅವಮಾನ ನುಂಗಿಕೊಂಡು ಅಂಗಡಿಗೆ ಬಂತು, ಬಂದು ದೊರೆಯಾಯಿತು.

ದೊರೆ ಎಂದದ್ದು ಸುಮ್ಮನೆ ಅಲ್ಲ. ಮಗ್ ಹಿಡಿದ ಎಡಗೈಯನ್ನು ತಲೆಗಿಂತ ಮೇಲೆತ್ತಿ, ಬಲಗೈಯ ಗ್ಲಾಸನ್ನು ಸೊಂಟದ ಹತ್ತಿರ ಇಟ್ಟುಕೊಂಡು ನಾನು ಟೀ ಎಳೆದರೆ ಎರಡು ಮೊಳ ಉದ್ದ ಬರುತ್ತದೆ. ಕೆಳಗೆ ನೊರೆ ಹೂವಿನ ಹಾಗೆ ಅರಳುತ್ತದೆ. ಗ್ಲಾಸು ಕೊಡುವುದು ಮಾತ್ರ ಬಲಗೈಯಲ್ಲಿ; ಎಡಗೈಯಲ್ಲಿ ಕೊಟ್ಟರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಹೀಗೆ ದುಡಿಮೆಯೆಲ್ಲ ಎಡಗೈಯದು, ಮರ್ಯಾದೆಯೆಲ್ಲ ಬಲಗೈಯದು. ನಮ್ಮ ಮನೆಯಲ್ಲಿ ರತ್ನಮ್ಮ ಮತ್ತು ನಾನು ಇರುವುದೂ ಹೀಗೆಯೇ ಎಂದು ಅವಳು ಹೇಳುತ್ತಾಳೆ. ರತ್ನಮ್ಮ ನನ್ನ ಹೆಂಡತಿ.

ಹೋದ ವರ್ಷ ನನಗೆ ವಿಚಿತ್ರವಾದ ಒಂದು ಶಾಂತಿ ಬಂತು. ಟೀ ಎಳೆಯುತ್ತಾ ಎಳೆಯುತ್ತಾ ಕಣ್ಣು ಹೋಗಿ ಸೈನೈಡ್ ದಿಬ್ಬದ ಮೇಲೆ ನಿಲ್ಲುತ್ತಿತ್ತು. ಚಿನ್ನದ ಗಣಿಯಿಂದ ತೆಗೆದು, ಸೈನೈಡ್ ಹಾಕಿ ಚಿನ್ನ ಸೋಸಿ ಬಿಟ್ಟ ಮಣ್ಣೆಲ್ಲ ಸೇರಿ ಗುಡ್ಡವಾದ ದಿಬ್ಬ ಅದು. ಬೆಳಗಿನ ಮಂಜಿನಲ್ಲಿ ಅದು ನೆಲ ಬಿಟ್ಟು ತೇಲುತ್ತಿರುವ ಹಾಗೆ, ನಾನೂ ಜೊತೆಗೆ ತೇಲುತ್ತಿರುವ ಹಾಗೆ ಅನ್ನಿಸುತ್ತಿತ್ತು. ರೈಲು ಬಂದದ್ದು ತಿಳಿಯುತ್ತಿತ್ತು, ಹೋದದ್ದು ತಿಳಿಯುತ್ತಿರಲಿಲ್ಲ. ವಯಸ್ಸಾದ ಮೇಲೆ ಜ್ಞಾನ ಬರುತ್ತದಂತೆ, ಏಳನೇ ಕ್ಲಾಸಿನವನಿಗೂ ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಒಂದು ದಿನ ಆ ಜ್ಞಾನ ಹೆಚ್ಚಾಗಿ ಸಕ್ಕರೆ ಡಬ್ಬದ ಮೇಲೆ ಬಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಎದೆ ಬಡಿತ ತೀರಾ ನಿಧಾನವಾಗಿದೆ, ಪೇಸ್‌ಮೇಕರ್ ಹಾಕಬೇಕು ಎಂದರು.

ಆಪರೇಷನ್ನಿಗೆ ಮುಂಚೆ ಅವರು ಕೇಳಿದರು: "ಬರೆಯೋದು ಯಾವ ಕೈಲಿ?"

ಬಹಳ ವರ್ಷಗಳ ಮೇಲೆ ಓದಿದವರೊಬ್ಬರು ನನ್ನನ್ನು ಬರೆಯುವವನೆಂದು ತಿಳಿದಿದ್ದರು. ನಾನು ಎದ್ದು ಕೂತು, "ಬಲಗೈ ಸಾರ್" ಎಂದೆ. ಹಾಗಾದರೆ ಯಂತ್ರ ಎಡಗಡೆ ಇರಲಿ, ನಿಮ್ಮ ಕೆಲಸಕ್ಕೆ ತೊಂದರೆಯಾಗುವುದಿಲ್ಲ ಎಂದರು. ನಾನು ವರ್ಷಕ್ಕೆ ಬರೆಯುವುದು ಎರಡು ಸಹಿ. ಆ ಎರಡು ಸಹಿಯನ್ನು ಕಾಪಾಡಲು ಅನ್ನ ಹಾಕುವ ಕೈಯ ಪಕ್ಕದಲ್ಲೇ ಯಂತ್ರ ಕೂರಿಸಿಕೊಂಡು ಬಂದೆ.

ಯಂತ್ರದ ತಂತಿ ಎದೆಯೊಳಗೆ ಗಟ್ಟಿಯಾಗಿ ನಿಲ್ಲುವ ತನಕ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು ಎಂದು ಕಳಿಸಿದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕೈಯನ್ನು ಟವಲಿನಲ್ಲಿ ಕಟ್ಟಿ, ಬೆರಳನ್ನೂ ಅಲ್ಲಾಡಿಸದೆ ಬೆಂಚಿನ ಮೇಲೆ ಕೂತೆ. ಟೀ ಕೆಲಸ ರತ್ನಮ್ಮನ ಪಾಲಿಗೆ ಬಂತು. ಅವಳು ಎಳೆಯುವುದು ಒಂದು ಗೇಣು. ನೊರೆಯಿಲ್ಲ, ನೋಟವಿಲ್ಲ. ನೋಡಲಾರದೆ ನಾನು ಕಣ್ಣು ಮುಚ್ಚುತ್ತಿದ್ದೆ. ಮುಚ್ಚಿದ ಕಣ್ಣಿನೊಳಗೆ ನನ್ನ ಎಡಗೈ ಮೇಲೆ, ಇನ್ನೂ ಮೇಲೆ ಹೋಗಿ, ಸೈನೈಡ್ ದಿಬ್ಬದ ನೆತ್ತಿಯಿಂದ ಅಂಗಡಿಯ ಗ್ಲಾಸಿಗೆ ಕೆಂಪಗೆ ಟೀ ಇಳಿಯುತ್ತಿತ್ತು. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಮತ್ತೆ ತೋರಿಸಲು ಹೋದಾಗ ನರ್ಸಮ್ಮ ಟವಲು ಬಿಚ್ಚಿಸಿದರು. ಮೊಳಕೈ ಮಡಚಿ ಅಂದರೆ ಕೈ ಕಿರುಗುಟ್ಟಿತು.

"ಯಾರಪ್ಪಾ ಇದನ್ನ ಹಿಂಗೆ ಕಟ್ಟಾಕಿದ್ದು? ಮೇಲಕ್ಕೆತ್ತಬೇಡ ಅಂದ್ರೆ ಅಲ್ಲಾಡಿಸಲೇಬೇಡ ಅಂತಾನಾ? ಭುಜ ಹಿಡ್ಕೊಂಡ್ರೆ ಆಮೇಲೆ ತಲೆ ಬಾಚೋಕೂ ಆಗಲ್ಲ!"

ಬೆರಳು, ಮಣಿಕಟ್ಟು, ಮೊಳಕೈ ಮೊದಲ ದಿನದಿಂದಲೂ ಆಡಿಸಬಹುದಿತ್ತಂತೆ. ಗಾಯ ಚೆನ್ನಾಗಿ ಕೂಡಿದೆ, ಇನ್ನು ಮೆಲ್ಲಗೆ ಮೇಲೆ ಹೋಗಬಹುದು ಎಂದು ಡಾಕ್ಟರೂ ಒಪ್ಪಿದರು. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡರ ಹುಳುವಿನ ಹಾಗೆ ನಡೆಸುತ್ತಾ ಹತ್ತಿಸಬೇಕು. ನೋವು ಬಂದರೆ ನಿಲ್ಲಿಸಬೇಕು, ಜಗ್ಗಬಾರದು. ಭಾರದ ಪಾತ್ರೆ ಇನ್ನೂ ಬೇಡ.

"ಇವನ ಕೈಗೆ ಅವಸರ ಜಾಸ್ತಿ ಮೇಡಮ್ಮು, ನಾನ್ ನೋಡ್ಕೊತೀನಿ" ಎಂದಳು ರತ್ನಮ್ಮ. ಅಂಗಡಿಗೆ ಬಂದವಳೇ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ಹೊಗೆ ಹಿಡಿದ ಗೋಡೆಗೆ ಅಂಟಿಸಿದಳು. "ಇದ್ರಿಂದ ಕೈ ಮೇಲಕ್ ಓದ್ರೆ ನೋಡು. ನಾನ್ ಬೊಟ್ಟು ಮೇಲಕ್ ಇಟ್ಟಾಗ ನೀನ್ ಎತ್ತು."

ಅಂದಿನಿಂದ ಊರಿಗಾಂನಲ್ಲಿ ನನ್ನ ಆರೋಗ್ಯ ಕೇಳುವವರಿಲ್ಲ, ಬೊಟ್ಟಿನ ಆರೋಗ್ಯ ಕೇಳುವವರೇ ಎಲ್ಲ. ಗಣಿಯಲ್ಲಿದ್ದು ನಿವೃತ್ತರಾದ ಸೆಲ್ವರಾಜಣ್ಣ, ದಿನಾ ಬೆಳಗ್ಗೆ ನಮ್ಮ ಮೊದಲ ಗಿರಾಕಿ, ಬೆಂಚಿನಲ್ಲಿ ಕೂತು ಕೂಗುವರು: "ಎನ್ನಪ್ಪಾ ಮುನಿಯಣ್ಣ, ಬೊಟ್ಟು ಎಲ್ಗಂಟ ಬಂತು? ನಾವು ಗಣಿ ಒಳಕ್ಕೆ ಇಳಿಯೋದೇ ಬೇಗ ಇತ್ತು ಕಣಪ್ಪಾ, ನೀನು ಗೋಡೆ ಅತ್ತೋದು ಇಷ್ಟೊತ್ತಾ!"

"ನೀನ್ ಸುಮ್ಕಿರಣ್ಣ, ಅವ್ನು ಮೊದ್ಲೇ ರೋಸದೋನು" ಎಂದು ರತ್ನಮ್ಮ ಗದರುವಳು.

ಬೊಟ್ಟು ಸ್ವಿಚ್ಚಿನ ಪೆಟ್ಟಿಗೆ ದಾಟಿತು, ಕ್ಯಾಲೆಂಡರಿನ ತಾರೀಖುಗಳನ್ನು ದಾಟಿತು. ಒಂದು ಮಧ್ಯಾಹ್ನ ಅವಳು ಹಾಲಿಗೆ ಹೋದಾಗ ಬೊಟ್ಟಿಗಿಂತ ಒಂದು ಬೆರಳು ಮೇಲೆ ಇಟ್ಟುಬಿಡೋಣವೆನ್ನಿಸಿತು. ಬೆರಳು ಹೊರಟೂ ಹೊರಟಿತು. ಎದೆಯೊಳಗೆ ಯಂತ್ರ ತನ್ನ ಪಾಡಿಗೆ ನಡೆಯುತ್ತಿತ್ತು. ಈ ಬಡಪಾಯಿ ನನಗಾಗಿ ಒಂದು ಕ್ಷಣವೂ ಕೂರುತ್ತಿಲ್ಲ, ನಾನು ಒಂದಿಷ್ಟು ದಿನ ಕಾಯಲಾರೆನೇ ಎನ್ನಿಸಿ ಬೆರಳನ್ನು ಬೊಟ್ಟಿಗೇ ವಾಪಸ್ಸು ಕರೆದುಕೊಂಡೆ. ಮೈ ಬಗ್ಗಿಸಿ ದುಡಿದವನಿಗೆ ಸುಮ್ಮನಿರುವುದೇ ಕಷ್ಟದ ದುಡಿಮೆ.

ಕೊನೆಗೂ ಬೊಟ್ಟು ಕ್ಯಾಲೆಂಡರಿನ ಮೊಳೆಯನ್ನು ಮುಟ್ಟಿತು. ಇನ್ನು ಎಲ್ಲ ಕೆಲಸ ಮಾಡಿ ಎಂದು ಡಾಕ್ಟರು ಹೇಳಿದರು. ಮಾರನೆಯ ಬೆಳಗ್ಗೆ ನಾನು ಮಗ್ ಹಿಡಿದೆ. ಎಡಗೈ ಏರಿತು, ತಲೆ ದಾಟಿತು. ದಿಬ್ಬದ ಹಿಂದಿನಿಂದ ಬಂದ ಬಿಸಿಲು ಟೀಯೊಳಗೆ ಹಾದು, ಎರಡು ಮೊಳ ಉದ್ದಕ್ಕೂ ಬಂಗಾರದ ಸರಿಗೆ ಇಳಿಯಿತು. ಮುಚ್ಚಿದ ಗಣಿಯ ಊರಿನಲ್ಲಿ ಇನ್ನೇನು ಬೇಕು! ರತ್ನಮ್ಮ ಕೆಲಸ ಬಿಟ್ಟು ನೋಡುತ್ತಾ ನಿಂತಳು. ನಾನು ಗ್ಲಾಸನ್ನು ಬಲಗೈಯಲ್ಲಿ ಸೆಲ್ವರಾಜಣ್ಣನಿಗೆ ಕೊಟ್ಟೆ.

ಅವರು ಒಂದು ಗುಟುಕು ಕುಡಿದು, ನನ್ನ ಮುಖ ನೋಡಿ, ಗ್ಲಾಸು ನೋಡಿದರು. "ನೋಡಾಕೆ ಸೂಪರಪ್ಪಾ. ಆದ್ರೆ ಅಷ್ಟ್ ದೂರದಿಂದ ಬರೋಷ್ಟ್ರಲ್ಲಿ ಆರೋಗೈತೆ" ಎಂದು, ಒಳಗೆ ತಿರುಗಿ ಮೆಲ್ಲಗೆ ಸೇರಿಸಿದರು, "ರತ್ನಮ್ಮಾ, ಬಿಸಿಯಾಗಿ ಒಂದು ಗೇಣಿನ ಟೀ ಕೊಡಮ್ಮಾ."

ಈಗ ನನ್ನ ಹತ್ತಿರ ಇರುವುದು ಇಷ್ಟು: ಎದೆಯಲ್ಲಿ ಒಂದು ಯಂತ್ರ, ಗೋಡೆಯ ಮೇಲೆ ಒಂದು ಬೊಟ್ಟು, ಪೂರಾ ಮೇಲೆ ಹೋಗುವ ಒಂದು ಎಡಗೈ, ಸಹಿ ಹಾಕುವ ಒಂದು ಬಲಗೈ, ಅಂಗಡಿ ನಡೆಸುವ ಒಬ್ಬ ಹೆಂಡತಿ. ಎರಡು ಮೊಳದ ಟೀ ಕುಡಿಯುವ ಗಿರಾಕಿ ಒಬ್ಬ. ಅವನು ನಾನೇ.