ವ್ಯಾಕರಣಕ್ಕೆ ಬಲಿಯಾದ ಕೆಂಪಾಜಮ್ಮ

ಆ ವರ್ಷದ ಆಷಾಢದಲ್ಲಿ ನಾನೊಂದು ಪ್ರತಿಜ್ಞೆ ಮಾಡಿದೆ. ದೀಪಾವಳಿ ಬರುವುದರೊಳಗೆ ನಾನು ಬರೆದ ಇಂಗ್ಲಿಷ್ ಓದಿ ನಮ್ಮ ತೋಟದ ದೊರೆ, ತನ್ನ ಭಾಷೆ ತನಗೇ ಬಾರದಲ್ಲ ಎಂದು ನಾಚಿ ತಲೆ ತಗ್ಗಿಸಬೇಕು! ಮಹಾಭಾರತದಲ್ಲಿ ಪ್ರತಿಜ್ಞೆ ಮಾಡಿದವರ ಗತಿ ಏನಾಯಿತೆಂದು ನನಗೆ ಆಗ ನೆನಪಾಗಲಿಲ್ಲ.

೧೯೨೭ರ ಮಾತು ಇದು. ನನ್ನ ಹೆಸರು ರಾಚಯ್ಯ. ಗುಂಡ್ಲುಪೇಟೆಯ ಕಡೆಯವನು. ಬೆಟ್ಟ ಹತ್ತಿ ಬಂದು ಕಟ್ಟಬೆಟ್ಟಿನ ಹತ್ತಿರ ಒಂದು ಟೀ ತೋಟದಲ್ಲಿ ರೈಟರ್ ಆಗಿ ಒಂಬತ್ತು ವರ್ಷವಾಗಿತ್ತು. ರೈಟರ್ ಎಂದರೆ ಬರೆಯುವವನು. ನಾನು ಬರೆಯುತ್ತಿದ್ದುದು ಎಲೆಯ ತೂಕವನ್ನು ಮಾತ್ರ. ಒಂಬತ್ತು ವರ್ಷದಲ್ಲಿ ಅಂಕಿ ಬಿಟ್ಟು ಒಂದು ಅಕ್ಷರ ಬರೆಯದ ರೈಟರ್ ಇಡೀ ನೀಲಗಿರಿಯಲ್ಲಿ ನಾನೊಬ್ಬನೇ ಇರಬೇಕು.

ಪ್ರತಿಜ್ಞೆಗೆ ಕಾರಣವಿತ್ತು. ನಮ್ಮ ಹೆಡ್ ಕ್ಲಾರ್ಕ್ ಗೋಪಾಲನ್ ವರ್ಷದ ಕೊನೆಗೆ ಕೆಲಸ ಬಿಟ್ಟು ಗೂಡಲೂರಿನ ತನ್ನ ಮನೆಗೆ ಹೋಗುವವನಿದ್ದ. ಅವನ ಕುರ್ಚಿಗೆ ಕೈಗಳಿದ್ದವು. ನನ್ನದು ಮುಕ್ಕಾಲಿ. ಆ ಕುರ್ಚಿಯಲ್ಲಿ ಕೂರಬೇಕಾದರೆ ದೊರೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಬರಬೇಕು. ಹಾಗಾಗಿ ಊಟಿಯ ಮಾರ್ಕೆಟ್ಟಿನಲ್ಲಿ ಒಂದು ಹಳೆಯ ವ್ಯಾಕರಣದ ಪುಸ್ತಕ ಕೊಂಡೆ. ಕೊನೆಯಲ್ಲಿ ಇಂಗ್ಲಿಷಿನ ನುಡಿಗಟ್ಟುಗಳ ಪಟ್ಟಿಯೂ ಇತ್ತು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ಆದರೆ ಬಲಗಡೆಯ ಅರ್ಧವನ್ನು ಇಲಿ ತಿಂದಿತ್ತು. ನುಡಿಗಟ್ಟು ನನ್ನ ಪಾಲಿಗೆ, ಅರ್ಥ ಇಲಿಯ ಪಾಲಿಗೆ.

ದಿನಕ್ಕೊಂದು ನುಡಿಗಟ್ಟು ಕಲಿತು ಹೆಂಡತಿ ಕೆಂಪಾಜಮ್ಮನ ಮೇಲೆ ಪ್ರಯೋಗಿಸುತ್ತಿದ್ದೆ. ಒಂದು ದಿನ, ಇಂಗ್ಲಿಷರು ಗುದ್ದಲಿಯನ್ನು ಗುದ್ದಲಿ ಎಂದೇ ಕರೆಯುತ್ತಾರೆ, ಅದು ಅವರ ದೊಡ್ಡಗುಣವಂತೆ ಎಂದೆ. ಅವಳು ಹಿಟ್ಟು ತಿರುವುತ್ತಲೇ, ನಮ್ಮೂರಲ್ಲಿ ಅದನ್ನು ಬೇರೆ ಏನೆಂದು ಕರೆಯುತ್ತಿದ್ದೆವು ಎಂದು ಕೇಳಿದಳು. ಪುಸ್ತಕ ತೆರೆದು ನೋಡಿದೆ. ಅದು ಇಲಿ ತಿಂದ ಪುಟ.

ಆಗಿನ ನಮ್ಮ ಮನೆಯಲ್ಲಿ ಇಂಥ ಮಾತಾದರೂ ಆಗುತ್ತಿದ್ದುದು ಅಪರೂಪ. ಹಿಂದಿನ ವರ್ಷ ನಮ್ಮ ಹನ್ನೊಂದು ತಿಂಗಳ ಹೆಣ್ಣುಮಗು ಜ್ವರದಲ್ಲಿ ಹೋಗಿತ್ತು. ಕೆಂಪಾಜಮ್ಮ ಅಳುವುದನ್ನು ನಿಲ್ಲಿಸಿದ್ದಳು, ಮಾತನ್ನೂ ಬಹುಮಟ್ಟಿಗೆ ನಿಲ್ಲಿಸಿದ್ದಳು. ನನಗೆ ಅವಳೊಡನೆ ಏನು ಮಾತಾಡಬೇಕೆಂದು ತಿಳಿಯದೆ ಇಂಗ್ಲಿಷ್ ಕಲಿಯಲು ಕುಳಿತೆನೋ ಏನೋ. ಈಗ ಹಾಗನ್ನಿಸುತ್ತದೆ.

ಆ ತಿಂಗಳು ಅವಳು ತಂಗಿಯ ಬಾಣಂತನಕ್ಕೆಂದು ಮಸಿನಗುಡಿಗೆ ಹೋಗಿದ್ದಳು. ಭಾನುವಾರ ಹಿಂತಿರುಗಬೇಕಿತ್ತು. ಕರೆದು ತರಲು ನಾನು ಊಟಿಗೆ ಹೋದೆ. ಗಾಡಿ ಬರಲಿಲ್ಲ. ಮಳೆಗೆ ಸೀಗೂರು ಘಾಟಿನಲ್ಲಿ ಮಣ್ಣು ಕುಸಿದಿದೆ ಎಂದರು. ಸೋಮವಾರ ಇಡೀ ಹಗಲು ಕಾದೆ. ಸಂಜೆಗೆ ಅವಳು ಅರ್ಧ ದಾರಿ ನಡೆದುಕೊಂಡೇ ಬಂದು ತಲುಪಿದಳು. ಸೀರೆಯೆಲ್ಲ ಕೆಸರು, ಮೈ ಸುಡುತ್ತಿತ್ತು. ಹೇಗೋ ಮನೆ ಸೇರಿಸಿ ಮಲಗಿಸಿದೆ. ಅವಳು ಕಣ್ಣುಮುಚ್ಚಿ ನೆಮ್ಮದಿಯಾಗಿ ನಿದ್ದೆಹೋದಳು.

ಮಂಗಳವಾರ ಕೆಲಸಕ್ಕೆ ಹೋದರೆ, ನಿನ್ನೆ ಏಕೆ ಬರಲಿಲ್ಲವೆಂದು ಬರೆದುಕೊಡು ಎಂಬ ಅಪ್ಪಣೆ ಕಾದಿತ್ತು. ಗೋಪಾಲನ್ ಮನೆಯ ಹೆಂಚು ಹೊದಿಸಲು ಗೂಡಲೂರಿಗೆ ಹೋಗಿದ್ದ, ಹತ್ತು ದಿನ ಬರುವಂತಿರಲಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಇದೇ ನನ್ನ ಕುರುಕ್ಷೇತ್ರ! ಹೆಂಡತಿ ಲೇಟಾಗಿ ಬಂದಳು ಎಂದು ಬರೆಯಬೇಕು. 'ಮೈ ವೈಫ್ ವಾಸ್ ಲೇಟ್.' ಇದು ಯಾರು ಬೇಕಾದರೂ ಬರೆಯುವ ವಾಕ್ಯ. ಆದರೆ ನನ್ನ ಪುಸ್ತಕದಲ್ಲಿ ಒಂದು ಸೊಗಸಾದ ಪಾಠವಿತ್ತು. 'ಹೂವು ಕೆಂಪಾಗಿದೆ' ಎನ್ನುವ ಬದಲು 'ಕೆಂಪು ಹೂವು' ಎನ್ನಬೇಕು. ವಿಶೇಷಣವನ್ನು ಬಾಲದಿಂದ ಕಿತ್ತು ತಲೆಯ ಮೇಲೆ ಕೂರಿಸಿದರೆ ಬರಹಕ್ಕೆ ಗಾಂಭೀರ್ಯ ಬರುತ್ತದೆ. ನಾನು ಕಿತ್ತು ಕೂರಿಸಿದೆ. ನಿನ್ನೆ ಬಾರದಿದ್ದುದಕ್ಕೆ ಕಾರಣ, 'ಮೈ ಲೇಟ್ ವೈಫ್'. ಅವಳು ಬಹಳ ಕಷ್ಟಪಟ್ಟಳು ಎಂದು ಸೇರಿಸಿದೆ. ಈಗ ನೆಮ್ಮದಿಯಾಗಿ ಮಲಗಿದ್ದಾಳೆ ಎನ್ನಲು ಪಟ್ಟಿಯಲ್ಲಿ ಚೆಂದದ ನುಡಿಗಟ್ಟು ಸಿಕ್ಕಿತು. 'ಶೀ ಈಸ್ ರೆಸ್ಟಿಂಗ್ ಇನ್ ಪೀಸ್.' ಕೆಳಗೆ ಸಹಿ ಹಾಕಿದೆ.

ದೊರೆ ಕಾಗದ ಓದಿದ. ಮತ್ತೊಮ್ಮೆ ಓದಿದ. ಕುರ್ಚಿಯಿಂದ ಎದ್ದ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕೈ ಹಿಡಿದು ಕುಲುಕಿದ. ಒಂದು ವಾರ ಕೆಲಸಕ್ಕೆ ಬರಬೇಡ, ಮನೆಯಲ್ಲಿರು ಎಂದ. ಒಂದು ವಿಶೇಷಣಕ್ಕೆ ಇಷ್ಟು ಮಹಿಮೆಯೇ! ನಾನು ದಾರಿಯುದ್ದಕ್ಕೂ ಟೀ ಗಿಡಗಳಿಗೆ ಸಲಾಮು ಹೊಡೆಯುತ್ತ ಮನೆಗೆ ಬಂದೆ. ಜ್ವರದಲ್ಲಿ ಮಲಗಿದ್ದ ಕೆಂಪಾಜಮ್ಮನಿಗೆ ಎಲ್ಲ ಹೇಳಿದೆ. ಅವಳು, ಒಳ್ಳೆಯದಾಯಿತು, ಹಾಗಿದ್ದರೆ ಒಂದು ವಾರ ನೀವೇ ಹಿಟ್ಟು ತಿರುವಿ ಎಂದು ಮಗ್ಗುಲಾದಳು.

ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಜ್ವರ ಬಿಟ್ಟಿದ್ದ ಕೆಂಪಾಜಮ್ಮನೇ ಹೋಗಿ ತೆಗೆದಳು. ಮಂಜಿನಲ್ಲಿ ದೊರೆಸಾನಿ ನಿಂತಿದ್ದಳು. ಕಪ್ಪು ಉಡುಪು, ಕೈಯಲ್ಲಿ ಬಿಳಿ ಲಿಲ್ಲಿ ಹೂವಿನ ದೊಡ್ಡ ಗೊಂಚಲು. ಈ ದೊರೆಸಾನಿ ಮೂರು ವರ್ಷದಿಂದ ಬಂಗಲೆಯ ಗೇಟು ದಾಟಿದ್ದನ್ನು ತೋಟದಲ್ಲಿ ಯಾರೂ ಕಂಡಿರಲಿಲ್ಲ. ಅವಳ ಆರು ವರ್ಷದ ಮಗಳು ಗಂಟಲುಬೇನೆಯಿಂದ ತೀರಿಕೊಂಡು, ಕೋಟಗಿರಿಯ ಚರ್ಚಿನ ಹಿಂದೆ ಮಣ್ಣಾದ ಮೇಲೆ ಹಾಗಾಗಿದ್ದಳು.

ಅವಳು ಒಳಗೆ ಬಂದು ನಮ್ಮ ಒಂದೇ ಬೆಂಚಿನ ಮೇಲೆ ಕುಳಿತಳು. ನನ್ನತ್ತ ತಿರುಗಿ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಎಲ್ಲ ತಿಳಿಯಲಿಲ್ಲ. 'ನಿನ್ನ ಹೆಂಡತಿ', 'ಸಾವು', 'ದೇವರು' ಎಂಬ ಮೂರು ಮಾತು ತಿಳಿದವು. ಅಷ್ಟು ಸಾಕಾಗಿತ್ತು. ಆಗಲೇ ಬಾಯಿ ತೆರೆದು, ಅಮ್ಮಾ, ಸತ್ತವಳು ಇಗೋ ಇಲ್ಲಿ ನಿಂತಿದ್ದಾಳೆ ಎಂದುಬಿಟ್ಟಿದ್ದರೆ ಇದನ್ನು ನಾನು ಬರೆಯಬೇಕಾಗಿರಲಿಲ್ಲ. ಆದರೆ ದೊರೆಸಾನಿ ಇನ್ನೊಂದು ಮಾತು ಹೇಳಿದಳು. ಇಂಥ ದುಃಖದಲ್ಲೂ ಅಷ್ಟು ಘನತೆಯಿಂದ ಕಾಗದ ಬರೆದವನೇ ಹೆಡ್ ಕ್ಲಾರ್ಕ್ ಆಗಬೇಕೆಂದು ದೊರೆ ನಿಶ್ಚಯಿಸಿದ್ದಾನಂತೆ. ಇದು ಮಾತ್ರ ನನಗೆ ಪೂರ್ತಿಯಾಗಿ ತಿಳಿಯಿತು.

ಆಮೇಲೆ ಅವಳು ಕೆಂಪಾಜಮ್ಮನನ್ನು ತೋರಿಸಿ, "ಹರ್ ಸಿಸ್ಟರ್?" ಎಂದು ಕೇಳಿದಳು.

"ಯೆಸ್, ಮೇಡಂ," ಎಂದೆ.

ಕೆಂಪಾಜಮ್ಮನಿಗೆ ಇಂಗ್ಲಿಷ್ ಬಾರದು. ನನ್ನ ಧೈರ್ಯವೆಲ್ಲ ಅದರ ಮೇಲೆಯೇ ನಿಂತಿತ್ತು.

ದೊರೆಸಾನಿ ಕೆಂಪಾಜಮ್ಮನ ಕೈ ಹಿಡಿದು, "ರೊಂಬ ವರುತ್ತಂ, ರೊಂಬ ವರುತ್ತಂ," ಎಂದಳು. ಬಹಳ ದುಃಖ ಎನ್ನುವ ಆ ಎರಡು ತಮಿಳು ಮಾತು ಬಿಟ್ಟರೆ ಅವಳಿಗೆ ನಮ್ಮವರ ಯಾವ ಮಾತೂ ಬರುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅವಳೇ ಅಳತೊಡಗಿದಳು. ಅದು ನನ್ನ ಹೆಂಡತಿಗಾಗಿ ಬಂದ ಅಳುವಲ್ಲವೆಂದು ನನ್ನಂಥ ದಡ್ಡನಿಗೂ ಗೊತ್ತಾಯಿತು. ಕೆಂಪಾಜಮ್ಮ ಅವಳ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ಸ್ವಲ್ಪ ಹೊತ್ತಿಗೆ ಇವಳೂ ಅತ್ತಳು. ಮಗು ಹೋದಾಗಿನ ಮೊದಲ ವಾರದ ನಂತರ ನಾನು ಅವಳ ಕಣ್ಣೀರು ಕಂಡದ್ದು ಅದೇ. ಇಬ್ಬರು ಹೆಂಗಸರು ಅಕ್ಕಪಕ್ಕ ಕುಳಿತು ಅಳುತ್ತಿದ್ದರೆ, ನಾನು ಲಿಲ್ಲಿ ಹೂವು ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದೆ.

ದೊರೆಸಾನಿ ಹೋದ ಮೇಲೆ ಕೆಂಪಾಜಮ್ಮ ಕೇಳಿದಳು. "ಪಾಪ, ಯಾರು ಸತ್ತೋಗಿರೋದು ಅವ್ರ ಮನೇಲಿ?"

ಇಂಗ್ಲೆಂಡ್ ಸೀಮೆಯಲ್ಲಿದ್ದ ಅವರ ಅಕ್ಕನಂತೆ ಎಂದೆ. ಒಂದು ಸುಳ್ಳಿಗೆ ಜೊತೆ ಬೇಕಲ್ಲ.

ಶುಕ್ರವಾರ ದೊರೆಸಾನಿ ಮತ್ತೆ ಬಂದಳು. ಶನಿವಾರವೂ ಬಂದಳು. ಬರುವಾಗ ಕೇಕು ತಂದಳು, ಇವಳು ಕಾಫಿ ಕೊಟ್ಟಳು. ನಾನು ಮೂಲೆಯಲ್ಲಿ ಮುಖ ಇಳಿಬಿಟ್ಟುಕೊಂಡು ವಿಧುರನಾಗಿ ಕುಳಿತಿರುತ್ತಿದ್ದೆ. ಹೆಂಡತಿ ಬಂದು, ಏಕೆ ಹೊಟ್ಟೆನೋವೇ ಎಂದು ಕೇಳಿ ಓಮದ ಕಷಾಯ ಕುಡಿಸಿದಳು. ಮೂರು ದಿನ ಕುಡಿದೆ.

ಭಾನುವಾರ ಬೆಳಿಗ್ಗೆ ಗುಟ್ಟು ಒಡೆಯಿತು. ಮೇಲಿನ ಹಟ್ಟಿಯ ಲಿಂಗ, ಬೆಟ್ಟದ ಬಡಗ ಜನದವನು, ನಮ್ಮ ತೋಟದಲ್ಲಿ ಮೇಸ್ತ್ರಿ. ಬಂಗಲೆಯ ಬಟ್ಲರನಿಂದ ಸುದ್ದಿ ತಿಳಿದು, ಹಟ್ಟಿಯ ಏಳೆಂಟು ಹಿರಿಯರನ್ನು ಕರೆದುಕೊಂಡು, ಎಲ್ಲರೂ ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು, ಸಾಲಾಗಿ ನಮ್ಮ ಮನೆಯ ಮುಂದೆ ಬಂದ. ಮುಂದೆ ನೀರು ಸೇದುತ್ತಿದ್ದವಳು ಸತ್ತವಳೇ. ಸಾಲು ನಿಂತಿತು. ಹಿಂದಿನ ಇಬ್ಬರು ಇನ್ನೂ ಹಿಂದಕ್ಕೆ ಸರಿದರು.

ಯಾರಿಗೆ ಏನಾಯಿತು ಎಂದು ಇವಳು ಗಾಬರಿಯಾಗಿ ಕೇಳಿದಳು.

ಲಿಂಗ ಬಹಳ ಮರ್ಯಾದಸ್ಥ. ತಗ್ಗಿದ ದನಿಯಲ್ಲಿ, "ಅಕ್ಕಾ, ನೀ ಸತ್ತೆ ಎಂದು ಹೇಳಿಯಾರ," ಎಂದ.

ಅವರನ್ನೆಲ್ಲ ಕೂರಿಸಿ ಕಾಫಿ ಕೊಟ್ಟು ಕಳಿಸಿದ ಮೇಲೆ ಅವಳು ನನ್ನ ಮುಂದೆ ಬಂದು ಕುಳಿತಳು. ನಾನು ಎಲ್ಲ ಹೇಳಿದೆ. ಬಾಲ, ತಲೆ, ವಿಶೇಷಣ, ಇಲಿ, ಎಲ್ಲ. ಅವಳು ಮೊದಲು ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ದೊರೆಸಾನಿ ಕೇಳಿದ್ದನ್ನೂ ನಾನು ಯೆಸ್ ಅಂದದ್ದನ್ನೂ ಹೇಳಿದಾಗ ನಗು ನಿಂತಿತು.

"ಕಾಗ್ದದಲ್ಲಿ ಸಾಯ್ಸಿದ್ದು ಇಂಗ್ಲೀಸು ಬರಾಕಿಲ್ದೆ ಆಯ್ತು ಅನ್ನಿ," ಎಂದಳು. "ಬಾಯಲ್ಲಿ ಸಾಯ್ಸಿದ್ರಲ್ಲ, ಅದು?"

ನಾನು ಕುರ್ಚಿಯ ಮಾತೆತ್ತಿದೆ. ಎತ್ತಬಾರದಿತ್ತು. ಅವಳು ಎದ್ದು ಒಳಗೆ ಹೋದಳು. ಮೂರು ದಿನ ಮಾತಿಲ್ಲ. ಊಟ ಬಡಿಸುತ್ತಿದ್ದಳು, ಬಡಿಸಿದ ಮೇಲೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಓಡಾಡುತ್ತಿದ್ದಳು. ಸತ್ತವರ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ. ಮಗು ಹೋದಾಗ ನಮ್ಮಿಬ್ಬರ ನಡುವೆ ಬಂದು ನಿಂತಿದ್ದ ಮೌನಕ್ಕಿಂತ ಇದು ಭಾರವಾಗಿತ್ತು. ಅದು ಯಾರ ತಪ್ಪೂ ಅಲ್ಲದ ಮೌನ. ಇದು ನನ್ನದು.

ಬುಧವಾರ ನಾನು ಪುಸ್ತಕ ತೆಗೆದು ದೊರೆಗೆ ತಪ್ಪೊಪ್ಪಿಗೆ ಬರೆದೆ. ಈ ಸಲ ಅಲಂಕಾರವೇ ಬೇಡವೆಂದು ಎರಡೇ ವಾಕ್ಯ. 'ಮೈ ವೈಫ್ ಈಸ್ ಅಲೈವ್. ಐ ರಿಗ್ರೆಟ್ ಇಟ್ ವೆರಿ ಮಚ್.' ಕಾಗದ ಬಂಗಲೆಗೆ ಕೊಟ್ಟು ಬಂದೆ. ಮಾರನೆಯ ದಿನ ಗೂಡಲೂರಿನಿಂದ ಬಂದ ಗೋಪಾಲನ್, ದೊರೆ ತೋರಿಸಿದ ಎರಡೂ ಕಾಗದ ಓದಿಕೊಂಡು ನನ್ನ ಮುಕ್ಕಾಲಿಯ ಹತ್ತಿರ ಬಂದ. ಅವನಿಗೆ ನಗಲೂ ಆಗುತ್ತಿರಲಿಲ್ಲ, ಬಯ್ಯಲೂ ಆಗುತ್ತಿರಲಿಲ್ಲ. ಲೇಟ್ ಎಂಬುದು ಹೆಸರಾದ ಮೇಲೆ ಬಂದರೆ ತಡವಾದವರು, ಹೆಸರಿಗಿಂತ ಮೊದಲು ಬಂದರೆ ತೀರಿಕೊಂಡವರು ಎಂದು ವಿವರಿಸಿದ. ಎರಡನೆಯ ಕಾಗದದ ಅರ್ಥವನ್ನೂ ಹೇಳಿದ. ನನ್ನ ಹೆಂಡತಿ ಬದುಕಿದ್ದಾಳೆ, ಅದಕ್ಕಾಗಿ ತುಂಬ ವಿಷಾದಿಸುತ್ತೇನೆ!

ಕುರ್ಚಿ ಹೋಯಿತು. ದೊರೆ ಸಿಟ್ಟಾಗಲಿಲ್ಲ, ಅದೇ ಕಷ್ಟ. ನನ್ನ ಮುಖ ನೋಡುವುದನ್ನು ಬಿಟ್ಟುಬಿಟ್ಟ. ಮೊದಲ ಕಾಗದದ ತಪ್ಪನ್ನು ಅವನು ಕ್ಷಮಿಸಬಹುದಿತ್ತು. ಮೂರು ದಿನ ತನ್ನ ಹೆಂಡತಿ ನಮ್ಮ ಬೆಂಚಿನಲ್ಲಿ ಕುಳಿತು ಅತ್ತದ್ದನ್ನು ನಾನು ನೋಡುತ್ತ ಕುಳಿತಿದ್ದೆನಲ್ಲ, ಅದಕ್ಕೆ ಯಾವ ವ್ಯಾಕರಣದಲ್ಲಿ ಕ್ಷಮೆ ಇದೆ? ದೊರೆಸಾನಿ ಮತ್ತೆ ಬಂಗಲೆಯ ಒಳಗೆ ಸೇರಿಕೊಂಡಳು, ಕಿಟಕಿಯ ಪರದೆಯನ್ನೂ ಸರಿಸುತ್ತಿಲ್ಲ ಎಂದು ಬಟ್ಲರ್ ಹೇಳಿದ.

ಆ ಸುದ್ದಿ ಕೇಳಿ ಕೆಂಪಾಜಮ್ಮ ತಲೆ ಬಾಚಿಕೊಂಡಳು. ಒಂದು ಪಾತ್ರೆಯಲ್ಲಿ ಹುಗ್ಗಿ ತುಂಬಿಕೊಂಡು ಮಂಜಿನಲ್ಲಿ ಬಂಗಲೆಯ ಏರು ಹತ್ತಿದಳು. ನಾನು ಕೂಗಳತೆ ಹಿಂದೆ ಹೋದೆ. ಗೇಟಿನ ಹೊರಗೇ ನಿಂತೆ. ಬಟ್ಲರ್ ತಡೆದ, ಇವಳು ಅವನನ್ನು ಬದಿಗೆ ಸರಿಸಿ ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಬಹಳ ಹೊತ್ತು ಯಾರೂ ಬರಲಿಲ್ಲ. ಅವಳ ತಲೆ, ಭುಜ ನೆನೆದವು. ಕೊನೆಗೆ ಬಾಗಿಲು ತೆರೆಯಿತು. ದೊರೆಸಾನಿ ಬಂದು ನಿಂತು ನೋಡಿದಳು. ಇವಳು ತನ್ನ ಎದೆ ಮುಟ್ಟಿಕೊಂಡು, ಕೈಗಳನ್ನು ತೊಟ್ಟಿಲಿನಂತೆ ಮಡಚಿ ತೂಗಿ ತೋರಿಸಿ, ಆಮೇಲೆ ಖಾಲಿ ಕೈ ಬಿಚ್ಚಿ ತೋರಿಸಿದಳು. ಅಷ್ಟೇ. ದೊರೆಸಾನಿ ಅವಳ ಪಕ್ಕದಲ್ಲೇ ಆ ಒದ್ದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅಂದಿನಿಂದ ಪ್ರತಿ ಶನಿವಾರ ಕೆಂಪಾಜಮ್ಮ ಬಂಗಲೆಗೆ ಹೋಗತೊಡಗಿದಳು. ಕೆಲವು ಸಲ ಇಬ್ಬರೂ ಕೋಟಗಿರಿಯ ಚರ್ಚಿನ ಹಿಂದಕ್ಕೂ ಹೋಗಿ ಬರುತ್ತಿದ್ದರು. ಮನೆಗೆ ಬಂದವಳು ನನ್ನೊಡನೆಯೂ ನಾಲ್ಕು ಮಾತಾಡುತ್ತಿದ್ದಳು. ಮಗುವಿನ ಹೆಸರೂ ಒಂದೆರಡು ಸಲ ಬಾಯಿಗೆ ಬಂತು. ನನಗೆ ಒಂದು ಆಶ್ಚರ್ಯ. ಇವಳಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಅಷ್ಟು ಹೊತ್ತು ಏನು ಮಾಡುತ್ತಾರೆ? ಹೇಗಾದರೂ ಒಂದಿಷ್ಟು ಉಪಕಾರ ಮಾಡಿ ಪಾಪ ಕಳೆದುಕೊಳ್ಳೋಣವೆಂದು ಒಂದು ಶನಿವಾರ ನಾನೂ ಕೋಟು ಹಾಕಿಕೊಂಡು ಹೊರಟು ನಿಂತೆ. ನಿಮ್ಮಿಬ್ಬರ ಮಾತನ್ನು ಅತ್ತಿಂದಿತ್ತ ತಿಳಿಸಿ ಹೇಳಲು ನಾನು ಬರುತ್ತೇನೆ ಎಂದೆ.

ಕೆಂಪಾಜಮ್ಮ ಹೊಸಿಲಿನ ಮೇಲೆ ನಿಂತು ನನ್ನನ್ನು ಕೋಟಿನಿಂದ ಕಾಲಿನವರೆಗೆ ನೋಡಿದಳು.

"ಬ್ಯಾಡ, ಬುಡಿ," ಎಂದಳು. "ನೀವು ಬಂದು ತಿಳ್ಸಿ ಹೇಳೋಕೆ ನಿಂತ್ರೆ, ನಮ್ಮಿಬ್ರಲ್ಲಿ ಯಾರಾರ ಒಬ್ರು ಸಾಯ್ಬೇಕಾಯ್ತದೆ."